ಆ ಮೂರು ಪೆನ್ಸ್ ಯಾರ ಸಂಬಳಕ್ಕೆ ಹೋಗುತ್ತಿತ್ತು?

ಶಿವಮೊಗ್ಗದ ಓದುಗರೊಬ್ಬರು ಹೀಗೆ ಬರೆದಿದ್ದಾರೆ: "ಹೋದ ಸಂಚಿಕೆಯಲ್ಲಿ ಬಾಸ್ಟನ್ ಚಹಾ ಪ್ರಕರಣದ ಲೇಖನ ಓದಿದೆ. 1773ರ ಕಾಯ್ದೆಯಿಂದ ಅಮೆರಿಕದಲ್ಲಿ ಚಹಾ ಅಗ್ಗವಾಗುತ್ತಿತ್ತು. ಒಂದು ರಾತಲಿಗೆ (ಸುಮಾರು ಅರ್ಧ ಕಿಲೋಗೆ) ತೆರಿಗೆ ಮೂರೇ ಪೆನ್ಸ್. ಅವರನ್ನು ಕಾಪಾಡೋಕೆ ಬ್ರಿಟನ್ ಯುದ್ಧ ಮಾಡಿ ಸಾಲ ಹೊತ್ತಿತ್ತು. ಅಷ್ಟಕ್ಕೇ ಚಹಾ ಸಮುದ್ರಕ್ಕೆ ಸುರಿದರೆ ಅದು ದೊಡ್ಡ ವ್ಯಾಪಾರಿಗಳ ಜಗಳ ಅಲ್ವಾ? ಸ್ವಾತಂತ್ರ್ಯದ ಹೋರಾಟ ಅಂತ ಯಾಕೆ ಕರೀತೀರಿ?"

ಒಳ್ಳೆಯ ಪ್ರಶ್ನೆ. ಎರಡು ಸಾಲಿನಲ್ಲಿ ಮುಗಿಸುವಂಥದ್ದಲ್ಲ. ಆ ಲೇಖನ ಓದದವರಿಗೆ ಒಂದು ಮಾತು: ಬಾಸ್ಟನ್ ಆಗ ಅಮೆರಿಕದ ಬ್ರಿಟಿಷ್ ವಸಾಹತುಗಳಲ್ಲೊಂದರ ಬಂದರು. 1773ರಲ್ಲಿ ಅಲ್ಲಿನ ಜನ ಹಡಗು ಹತ್ತಿ ಈಸ್ಟ್ ಇಂಡಿಯಾ ಕಂಪನಿಯ ಚಹಾವನ್ನು ಸಮುದ್ರಕ್ಕೆ ಸುರಿದರು.

ನೀವು ಹೇಳಿದ ಸಂಗತಿಗಳು ಸರಿಯಾಗಿಯೇ ಇವೆ. ಫ್ರಾನ್ಸ್ ಜೊತೆಗಿನ ಏಳು ವರ್ಷದ ಯುದ್ಧ 1763ರಲ್ಲಿ ಮುಗಿಯುವ ಹೊತ್ತಿಗೆ ಬ್ರಿಟನ್ನಿನ ಸಾಲ ಹೆಚ್ಚುಕಡಿಮೆ ದುಪ್ಪಟ್ಟಾಗಿ 13 ಕೋಟಿ ಪೌಂಡ್ ಮುಟ್ಟಿತ್ತು. ಅಮೆರಿಕದಲ್ಲಿ ಸುಮಾರು 10,000 ಸೈನಿಕರನ್ನು ಇಡುವ ಖರ್ಚು ಬೇರೆ. ಇಂಗ್ಲೆಂಡಿನವರು ತಲೆಗೆ ಕಟ್ಟುತ್ತಿದ್ದ ತೆರಿಗೆ ಅಮೆರಿಕದವರು ಕಟ್ಟುತ್ತಿದ್ದುದಕ್ಕಿಂತ ಎಷ್ಟೋ ಜಾಸ್ತಿ. 'ಪಾರ್ಲಿಮೆಂಟಿನಲ್ಲಿ ನಮ್ಮವರಿಲ್ಲ, ಹಾಗಾಗಿ ತೆರಿಗೆ ಕೊಡೋದಿಲ್ಲ' ಎಂದವರಿಗೆ ಲಂಡನ್ನಿನಲ್ಲಿ ಸಿದ್ಧ ಉತ್ತರವೂ ಇತ್ತು: ಮ್ಯಾಂಚೆಸ್ಟರ್, ಬರ್ಮಿಂಗ್‌ಹ್ಯಾಮ್‌ನಂಥ ಊರುಗಳಿಗೂ ಸ್ವಂತ ಸದಸ್ಯರಿಲ್ಲ, ಅವರು ಕಟ್ಟುತ್ತಿಲ್ಲವೇ?

ಆದರೆ ನೀವು ತೆರಿಗೆ ಎಷ್ಟು ಅಂತ ಕೇಳಿದ್ದೀರಿ. ಆ ದುಡ್ಡು ಎಲ್ಲಿಗೆ ಹೋಗುತ್ತಿತ್ತು ಅಂತ ಕೇಳಿ ನೋಡಿ. ಕಥೆಯೇ ಬೇರೆಯಾಗುತ್ತದೆ.

1764ರಿಂದ ಶುರು ಮಾಡೋಣ. ಆ ವರ್ಷದ ಸಕ್ಕರೆ ಕಾಯ್ದೆ ಕಾಕಂಬಿಯ ಮೇಲಿನ ಸುಂಕವನ್ನು ಗ್ಯಾಲನ್‌ಗೆ ಆರು ಪೆನ್ಸ್‌ನಿಂದ ಮೂರಕ್ಕೆ ಇಳಿಸಿತು. ಅಲ್ಲೂ ದರ ಇಳಿಯಿತು, ಸಿಟ್ಟು ಏರಿತು. ಯಾಕೆಂದರೆ ಹಳೆಯ ಆರು ಪೆನ್ಸನ್ನು ಯಾರೂ ಸರಿಯಾಗಿ ವಸೂಲಿ ಮಾಡುತ್ತಿರಲಿಲ್ಲ, ಈ ಮೂರನ್ನು ಮಾಡಲು ಹೊರಟರು. ಸಿಕ್ಕಿಬಿದ್ದವನನ್ನು ನೌಕಾ ನ್ಯಾಯಾಲಯಕ್ಕೆ ಎಳೆಯಬಹುದಿತ್ತು. ಅಲ್ಲಿ ಜ್ಯೂರಿ ಇಲ್ಲ, ನ್ಯಾಯಾಧೀಶ ಒಬ್ಬನದೇ ತೀರ್ಮಾನ. ತಮ್ಮೂರಿನ ಹನ್ನೆರಡು ಜನರ ಮುಂದೆ ವಿಚಾರಣೆ ನಡೆಯಬೇಕು ಅನ್ನುವುದು ಅವರು ಹುಟ್ಟಿನಿಂದ ನಂಬಿದ್ದ ಹಕ್ಕು.

ಮರುವರ್ಷ ಛಾಪಾ ಕಾಯ್ದೆ ಬಂತು. ಛಾಪಾ ಕಾಗದ ಅಂದರೇನು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಇವರ ಛಾಪಾ ಪತ್ರಿಕೆಗಳಿಗೂ ಬೇಕಿತ್ತು. ಉಯಿಲು, ಹಡಗಿನ ಪತ್ರ, ಹೆಂಡದಂಗಡಿಯ ಪರವಾನಗಿ, ಕ್ಯಾಲೆಂಡರ್ ಎಲ್ಲಕ್ಕೂ ಬೇಕಿತ್ತು. ಒಂದು ಕಟ್ಟು ಇಸ್ಪೀಟಿಗೆ ಒಂದು ಶಿಲ್ಲಿಂಗ್, ಒಂದು ಜೊತೆ ದಾಳಕ್ಕೆ ಹತ್ತು. ಇದನ್ನೆಲ್ಲ ಬ್ರಿಟಿಷ್ ನಾಣ್ಯದಲ್ಲೇ ಕಟ್ಟಬೇಕು. ಅದೋ ಅಲ್ಲಿ ಕೈಗೆ ಸಿಗುವುದೇ ಅಪರೂಪ. ಪತ್ರಿಕೆ ನಡೆಸುವವನಾಗಿ ನನಗೆ ಇದು ಚೆನ್ನಾಗಿ ಅರ್ಥವಾಗುತ್ತದೆ: ಸರ್ಕಾರ ಯಾರ ಬಾಯಿಗೆ ಮೊದಲು ಹೆದರಬೇಕಿತ್ತೋ, ಆ ವಕೀಲರಿಗೂ ಮುದ್ರಕರಿಗೂ ಒಂದೇ ಏಟು ಕೊಟ್ಟಿತ್ತು.

ಕಾಯ್ದೆ 1765ರ ನವೆಂಬರ್ 1ಕ್ಕೆ ಜಾರಿಯಾಗಬೇಕಿತ್ತು. ಆಗಸ್ಟ್ 14ರಂದು ಬಾಸ್ಟನ್ನಿನಲ್ಲಿ ಛಾಪಾ ವಿತರಕ ಆಂಡ್ರ್ಯೂ ಆಲಿವರ್‌ನ ಪ್ರತಿಕೃತಿಯನ್ನು ಒಂದು ಎಲ್ಮ್ ಮರಕ್ಕೆ ನೇತುಹಾಕಿದರು. ಆತ ಕೆಲಸ ಬಿಡುವುದಾಗಿ ಹೇಳಿದ. ಒಂದೊಂದೇ ವಸಾಹತಿನಲ್ಲಿ ವಿತರಕರು ರಾಜೀನಾಮೆ ಕೊಡುತ್ತಾ ಹೋದರು. ನವೆಂಬರ್ ಬಂದಾಗ ಕಾಯ್ದೆ ಇತ್ತು, ಮಾರುವವರು ಹೆಚ್ಚುಕಡಿಮೆ ಯಾರೂ ಇರಲಿಲ್ಲ. ಒಂಬತ್ತು ವಸಾಹತುಗಳ ಪ್ರತಿನಿಧಿಗಳು ನ್ಯೂಯಾರ್ಕ್‌ನಲ್ಲಿ ಸೇರಿ ಪ್ರತಿಭಟಿಸಿದರು. ವ್ಯಾಪಾರಿಗಳು ಬ್ರಿಟಿಷ್ ಸರಕು ತರಿಸುವುದನ್ನು ನಿಲ್ಲಿಸಿದರು. 1766ರ ಮಾರ್ಚ್‌ನಲ್ಲಿ ಕಾಯ್ದೆ ರದ್ದಾಯಿತು. ಅದೇ ದಿನ ಪಾರ್ಲಿಮೆಂಟ್ ಇನ್ನೊಂದು ಕಾಯ್ದೆ ಮಾಡಿ, ಯಾವ ವಿಷಯದಲ್ಲೇ ಆಗಲಿ ನಿಮಗೆ ಕಾನೂನು ಮಾಡುವ ಅಧಿಕಾರ ನಮಗಿದೆ ಎಂದು ಬರೆದಿಟ್ಟಿತು.

ಆ ಗಲಾಟೆಯಲ್ಲಿ ಎಲ್ಲವೂ ಚೆಂದವಾಗಿರಲಿಲ್ಲ. 1765ರ ಆಗಸ್ಟ್ 26ರ ರಾತ್ರಿ, ಆಗ ಉಪಗವರ್ನರ್ ಆಗಿದ್ದ ಥಾಮಸ್ ಹಚಿನ್ಸನ್‌ನ ಮನೆಯನ್ನು ಗುಂಪು ಪೂರ್ತಿ ಧ್ವಂಸ ಮಾಡಿತು. ಅದನ್ನು ನಾನು ಸಮರ್ಥಿಸಲಾರೆ.

ಈಗ ನಿಮ್ಮ ಪ್ರಶ್ನೆಯ ಹೊಟ್ಟೆಗೆ ಬರುತ್ತೇನೆ. 1767ರಲ್ಲಿ ಟೌನ್‌ಶೆಂಡ್ ಎಂಬ ಮಂತ್ರಿ ಗಾಜು, ಸೀಸ, ಬಣ್ಣ, ಕಾಗದ, ಚಹಾದ ಮೇಲೆ ಸುಂಕ ಹಾಕಿದ. ಆ ಹಣದಿಂದ ವಸಾಹತುಗಳ ಗವರ್ನರು, ನ್ಯಾಯಾಧೀಶರಿಗೆ ಸಂಬಳ ಕೊಡಬಹುದು ಎಂದು ಕಾಯ್ದೆಯಲ್ಲೇ ಬರೆದ. ಅಲ್ಲಿಯವರೆಗೆ ಬಾಸ್ಟನ್ ಇದ್ದ ಮಸಾಚುಸೆಟ್ಸ್ ವಸಾಹತಿನಲ್ಲಿ ಗವರ್ನರ್‌ನ ಸಂಬಳವನ್ನು ವರ್ಷವರ್ಷ ಮಂಜೂರು ಮಾಡುತ್ತಿದ್ದುದು ಜನ ಆರಿಸಿದ ಸಭೆ. ಗವರ್ನರ್ ರಾಜನ ಕಡೆಯವನು. ಆದರೂ ಜನರ ಮಾತು ಕೇಳಿಸಿಕೊಳ್ಳಲೇಬೇಕಿತ್ತು, ಯಾಕೆಂದರೆ ಊಟ ಅವರ ಕೈಯಲ್ಲಿತ್ತು. ಉಳಿದ ಸುಂಕಗಳನ್ನು 1770ರಲ್ಲಿ ತೆಗೆದರು, ಚಹಾದ್ದನ್ನು ಮಾತ್ರ ಇಟ್ಟುಕೊಂಡರು. ಆಮೇಲೆ ಗವರ್ನರ್ ಹಚಿನ್ಸನ್‌ಗೆ ರಾಜನೇ ಸಂಬಳ ಕೊಡತೊಡಗಿದ. ನ್ಯಾಯಾಧೀಶರಿಗೂ ಕೊಡುತ್ತಾನೆ ಎಂದು 1772ರಲ್ಲಿ ಗೊತ್ತಾಯಿತು. ಅದೇ ನವೆಂಬರ್‌ನಲ್ಲಿ ಬಾಸ್ಟನ್ ಊರಸಭೆ, ಸ್ಯಾಮ್ಯುಯಲ್ ಆಡಮ್ಸ್‌ನ ಸೂಚನೆಯಂತೆ, ಬೇರೆ ಊರುಗಳ ಜೊತೆ ಪತ್ರ ನಡೆಸಲು ಸಮಿತಿ ಮಾಡಿತು. ಹಳ್ಳಿಹಳ್ಳಿಯಿಂದ ಉತ್ತರ ಬಂತು.

ಹಾಗಾಗಿ ಆ ಮೂರು ಪೆನ್ಸ್ ಸಣ್ಣದಾಗಿರಲಿಲ್ಲ, ಓದುಗ ಮಿತ್ರರೇ. ಚಹಾ ಕುಡಿದಷ್ಟೂ ಜನ ತಮ್ಮ ಮೇಲಿನ ಹಿಡಿತಕ್ಕೆ ತಾವೇ ದುಡ್ಡು ಕೊಟ್ಟಂತಾಗುತ್ತಿತ್ತು. ಚಹಾ ಅಗ್ಗವಾದಷ್ಟೂ ಅಪಾಯ ಜಾಸ್ತಿ, ಯಾಕೆಂದರೆ ಜನ ಕುಡಿಯುತ್ತಾರೆ.

ಅಗ್ಗ ಆಗಿದ್ದಾದರೂ ಯಾಕೆ? ಇಲ್ಲಿ ನಮ್ಮ ಕಡೆಯ ಎಳೆಯೊಂದು ಸಿಗುತ್ತದೆ. ಈಸ್ಟ್ ಇಂಡಿಯಾ ಕಂಪನಿ ಆಗ ದಿವಾಳಿಯ ಅಂಚಿನಲ್ಲಿತ್ತು. 1769ರಲ್ಲಿ ಮೈಸೂರಿನ ಹೈದರ್ ಅಲಿ ಮದ್ರಾಸಿನ ಬಾಗಿಲಿಗೇ ಬಂದು ನಿಂತು ಸಂಧಿ ಮಾಡಿಸಿಕೊಂಡಿದ್ದ. ಅವನ ಯುದ್ಧದ ಸುದ್ದಿ ಲಂಡನ್ ಮುಟ್ಟಿದಾಗ ಕಂಪನಿಯ ಷೇರು ಕುಸಿದಿತ್ತು. ಮರುವರ್ಷ ಬಂಗಾಳದಲ್ಲಿ ಭೀಕರ ಕ್ಷಾಮ. ಗೋದಾಮುಗಳಲ್ಲಿ ಸುಮಾರು 1.7 ಕೋಟಿ ರಾತಲು ಚೀನೀ ಚಹಾ ಮಾರಾಟವಾಗದೆ ಕೊಳೆಯುತ್ತಿತ್ತು. ಅದನ್ನು ನೇರವಾಗಿ ಅಮೆರಿಕಕ್ಕೆ ಸಾಗಿಸಿ ಮಾರಲು ಪಾರ್ಲಿಮೆಂಟ್ ದಾರಿ ಮಾಡಿಕೊಟ್ಟಿತು. ಬಾಸ್ಟನ್ನಿನಲ್ಲಿ ಮಾರುವ ಹಕ್ಕು ಸಿಕ್ಕವರಲ್ಲಿ ಹಚಿನ್ಸನ್‌ನ ಇಬ್ಬರು ಮಕ್ಕಳೂ ಇದ್ದರು. ಫಿಲಡೆಲ್ಫಿಯಾದ ಜಾನ್ ಡಿಕಿನ್ಸನ್ ಬಂಗಾಳದ ಸಾವುಗಳನ್ನೇ ತೋರಿಸಿ, ಏಷ್ಯಾದಲ್ಲಿ ಇಂಥದ್ದನ್ನು ಮಾಡಿದ ಕಂಪನಿ ಇಲ್ಲಿಗೆ ಕಾಲಿಡುತ್ತಿದೆ ಎಂದು ಎಚ್ಚರಿಸಿದ. ನಮ್ಮವರ ಹಸಿವು ಅಷ್ಟು ದೂರದಲ್ಲಿ ಒಬ್ಬರಿಗೆ ನೆನಪಾಯಿತು ಅನ್ನುವುದನ್ನು ಓದಿದಾಗಲೆಲ್ಲ ನನ್ನ ಮನಸ್ಸು ತುಂಬಿ ಬರುತ್ತದೆ.

ವ್ಯಾಪಾರಿಗಳ ಸ್ವಾರ್ಥ ಇರಲಿಲ್ಲವೇ? ಇತ್ತು. ಡಚ್ಚರಿಂದ ಚಹಾ ಕಳ್ಳಸಾಗಣೆ ಮಾಡುತ್ತಿದ್ದವರ ಹೊಟ್ಟೆಗೆ ಇದು ಹೊಡೆತ. ಆದರೆ 1773ರ ಡಿಸೆಂಬರ್ 16ರ ರಾತ್ರಿ ಡಾರ್ಟ್‌ಮತ್, ಎಲಿನರ್, ಬೀವರ್ ಹಡಗುಗಳನ್ನು ಹತ್ತಿದವರಲ್ಲಿ ಹೆಚ್ಚಿನವರು ಕುಶಲಕರ್ಮಿಗಳು, ಅವರ ಕೈಕೆಳಗಿನ ಹುಡುಗರು. ಜಾರ್ಜ್ ಹ್ಯೂಸ್ ಎಂಬ ಬಡ ಚಮ್ಮಾರ ಆ ರಾತ್ರಿಯ ಕಥೆಯನ್ನು ಮುಪ್ಪಿನಲ್ಲಿ ಹೇಳಿದ್ದಾನೆ. ಮೂರು ಗಂಟೆ ಕೆಲಸ, 342 ಪೆಟ್ಟಿಗೆ. ಓಕಾನರ್ ಎಂಬಾತ ಕೋಟಿನ ಒಳಪದರಕ್ಕೆ ಸುಮ್ನೆ ಒಂದಿಷ್ಟು ಚಹಾ ತುಂಬಿಕೊಳ್ಳುತ್ತಿದ್ದುದನ್ನು ಹ್ಯೂಸ್ ನೋಡಿ ಕೂಗಿದ. ಓಕಾನರ್ ಹಾರಿ ಓಡುವಾಗ ಹ್ಯೂಸ್ ಅವನ ಕೋಟಿನ ಅಂಚು ಹಿಡಿದೆಳೆದ, ಅದು ಹರಿದು ಕೈಯಲ್ಲೇ ಉಳಿಯಿತು. ಮಾರನೆಯ ದಿನ ಆ ತುಂಡನ್ನು ಚಾರ್ಲ್ಸ್‌ಟೌನ್‌ನ ಛಡಿ ಕಂಬಕ್ಕೆ ಮೊಳೆ ಹೊಡೆದು ಎಲ್ಲರಿಗೂ ತೋರಿಸಿದರು. ಚಹಾ ಕದಿಯಲು ಬಂದವರು ಹೀಗೆ ಮಾಡುತ್ತಾರೆಯೇ?

ಹೆಂಗಸರ ಪಾಲು ನಮ್ಮ ಲೇಖನದಲ್ಲಿ ಬಂದಿರಲಿಲ್ಲ. ಬ್ರಿಟಿಷ್ ಬಟ್ಟೆ ಬಿಟ್ಟಾಗ ಊರೂರಲ್ಲಿ ಒಟ್ಟಿಗೆ ಕೂತು ನೂಲು ತೆಗೆದವರು ಅವರು. ಮನೆಯಲ್ಲಿ ಚಹಾ ನಿಲ್ಲಿಸಿದವರೂ ಅವರೇ. 1774ರ ಅಕ್ಟೋಬರ್‌ನಲ್ಲಿ ಉತ್ತರ ಕೆರೊಲಿನಾದ ಈಡೆಂಟನ್‌ನಲ್ಲಿ 51 ಹೆಂಗಸರು ಬಹಿಷ್ಕಾರದ ಪತ್ರಕ್ಕೆ ತಮ್ಮ ಹೆಸರು ಹಾಕಿ ಸಹಿ ಮಾಡಿದರು.

ಗುಲಾಮರ ವಿಷಯದಲ್ಲಿ ಮಾತ್ರ ಈ ಹೋರಾಟ ಸೋತಿತು. 1773ರಲ್ಲಿ ಮಸಾಚುಸೆಟ್ಸ್‌ನ ಗುಲಾಮರು ತಮಗೂ ಬಿಡುಗಡೆ ಬೇಕೆಂದು ಅರ್ಜಿ ಕೊಟ್ಟರು. ಸ್ವಾತಂತ್ರ್ಯದ ಮಾತಾಡುತ್ತಿದ್ದವರು ಅದನ್ನು ಪಕ್ಕಕ್ಕಿಟ್ಟರು. ನೀವು ಈ ಹೋರಾಟವನ್ನು ಟೀಕಿಸುವುದಾದರೆ ಇಲ್ಲಿ ಟೀಕಿಸಿ, ನಾನೂ ನಿಮ್ಮ ಜೊತೆ ನಿಲ್ಲುತ್ತೇನೆ.

ಚಹಾ ಸುರಿದದ್ದಕ್ಕೆ ಶಿಕ್ಷೆಯಾಗಿ 1774ರ ಜೂನ್ 1ರಿಂದ ಬಾಸ್ಟನ್ ಬಂದರು ಮುಚ್ಚಿದರು. ಮಸಾಚುಸೆಟ್ಸ್‌ನಲ್ಲಿ ಗವರ್ನರ್‌ನ ಅಪ್ಪಣೆಯಿಲ್ಲದೆ ಊರಸಭೆ ಸೇರುವಂತಿಲ್ಲ ಎಂದರು. ಬಾಸ್ಟನ್ನಿನ ನೆರವಿಗೆ ದಕ್ಷಿಣ ಕೆರೊಲಿನಾದಿಂದ ಅಕ್ಕಿ ಬಂತು, ಕನೆಕ್ಟಿಕಟ್‌ನಿಂದ ಕುರಿಗಳು ಬಂದವು. ಬಾಸ್ಟನ್ನಿನ ವ್ಯಾಪಾರಿಗಳ ಲಾಭಕ್ಕಾಗಿ ಅಲ್ಲಿನ ರೈತರು ಯಾಕೆ ಕುರಿ ಹೊಡೆದುಕೊಂಡು ಬರುತ್ತಿದ್ದರು, ಹೇಳಿ? ಮುಖ್ಯ ನ್ಯಾಯಾಧೀಶ ಪೀಟರ್ ಆಲಿವರ್ ರಾಜನ ಸಂಬಳ ಬಿಡುವುದಿಲ್ಲ ಎಂದಾಗ, ಅವನ ಕೋರ್ಟಿನಲ್ಲಿ ಜ್ಯೂರಿಯಾಗಿ ಕೂರಲು ಬಂದವರು ಪ್ರಮಾಣ ಮಾಡಲು ಒಪ್ಪಲಿಲ್ಲ. ಸೆಪ್ಟೆಂಬರ್‌ನಲ್ಲಿ ಹನ್ನೆರಡು ವಸಾಹತುಗಳವರು ಫಿಲಡೆಲ್ಫಿಯಾದಲ್ಲಿ ಸೇರಿದರು. ಡಿಸೆಂಬರ್‌ನಿಂದ ಬ್ರಿಟಿಷ್ ಸರಕು ಬಂದ್ ಎಂದರು. ಅದನ್ನು ನೋಡಿಕೊಳ್ಳಲು ಪ್ರತಿ ಊರೂ ಸಮಿತಿ ಆರಿಸಬೇಕೆಂದು ತೀರ್ಮಾನಿಸಿದರು. 1775ರ ಏಪ್ರಿಲ್ 19ರಂದು ಲೆಕ್ಸಿಂಗ್ಟನ್‌ನಲ್ಲಿ ಯುದ್ಧದ ಮೊದಲ ಗುಂಡು ಹಾರುವ ಹೊತ್ತಿಗೆ ಎಷ್ಟೋ ಊರುಗಳ ಆಡಳಿತ ಆಗಲೇ ಈ ಸಮಿತಿಗಳ ಕೈಗೆ ಬಂದಿತ್ತು.

— ಸಂಪಾದಕ