ತುಕ್ಕು ಹಿಡಿದ ಪೈಪಿನಲ್ಲಿ ನೀರು ಏಕೆ ಸೊರಗುತ್ತದೆ?

ಪ್ರಶ್ನೆ: ನೀರಿಗಾಗಿ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದಿಂದ ಅಡಿಕೆ ತೋಟದ ಟಾಂಕಿಗೆ ತಂದೆಯವರ ಕಾಲದ ಎರಡು ಇಂಚಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಇದೆ. ಸುರಂಗದ ಬಾಯಲ್ಲಿ ನೀರು ಉಕ್ಕಿ ಹೊರಚೆಲ್ಲುತ್ತಿದ್ದರೂ ಟಾಂಕಿಗೆ ಬರುವುದು ಮೊದಲಿನ ಅರ್ಧದಷ್ಟು ಮಾತ್ರ. ಒಂದು ತುಂಡು ಕೊಯ್ದು ನೋಡಿದರೆ ಒಳಗೆಲ್ಲ ತುಕ್ಕಿನ ಗಂಟು. ನಡುವೆ ಬೇಕಾದಷ್ಟು ಜಾಗವಿದೆ. ಗೋಡೆ ತರಿಯಾದ ಮಾತ್ರಕ್ಕೆ ಇಷ್ಟು ನಷ್ಟವೇ?
— ಪೆರ್ಲದ ಓದುಗರು, ಕಾಸರಗೋಡು

ಉತ್ತರ: ತರಿಯಿಂದ ದೊಡ್ಡ ನಷ್ಟವೇ ಆಗುತ್ತದೆ. ಆದರೆ ಅರ್ಧಕ್ಕೆ ಇಳಿಯಲು ಅದೊಂದೇ ಕಾರಣವಲ್ಲ.

ನಿಮ್ಮ ಪೈಪಿನಲ್ಲಿ ನೀರು ನೇರ ಎಳೆಗಳಾಗಿ ಜಾರುವುದಿಲ್ಲ. ಸುಳಿಸುಳಿಯಾಗಿ ಕಲಕುತ್ತಾ ಸಾಗುತ್ತದೆ. ಇದು ಪ್ರಕ್ಷುಬ್ಧ ಹರಿವು. ಗೋಡೆಗೆ ತೀರಾ ಹತ್ತಿರ ಮಾತ್ರ ಈ ಕಲಕಾಟ ಅಡಗಿ ತೆಳುವಾದ ಶಾಂತ ಪದರವೊಂದು ಉಳಿಯುತ್ತದೆ. ನೀರು ಸೆಕೆಂಡಿಗೆ ಒಂದು ಮೀಟರ್ ಓಡುವ ಎರಡು ಇಂಚಿನ ನುಣುಪು ಪೈಪಿನಲ್ಲಿ ಅದರ ದಪ್ಪ ಸುಮಾರು 0.1 ಮಿ.ಮೀ. ಅದರೊಳಗೆ ಮುಳುಗಿದ ತರಿಯಿಂದ ಹರಿವಿಗೆ ತೊಂದರೆಯಿಲ್ಲ. ತಲೆ ಹೊರಹಾಕಿದ ಪ್ರತಿಯೊಂದು ಗಂಟಿನ ಎದುರು ಭಾಗಕ್ಕೆ ನೀರು ಬಡಿಯುತ್ತದೆ, ಬೆನ್ನ ಹಿಂದೆ ಸುಳಿ ಏಳುತ್ತದೆ. ಗುಡ್ಡದ ಎತ್ತರ ಕೊಟ್ಟ ಒತ್ತಡವೆಲ್ಲ ಈ ಸುಳಿಗಳಲ್ಲೇ ಕರಗಿಹೋಗುತ್ತದೆ. ಸುಳಿಗಳು ಪೈಪಿನ ನಡುವಿನವರೆಗೂ ಬೆರೆಯುವುದರಿಂದ ನೀವು ಕಂಡ ಆ ಖಾಲಿ ಜಾಗದಲ್ಲೂ ನೀರು ನಿಧಾನವಾಗುತ್ತದೆ.

ಇದನ್ನು ಅಳೆದು ತೋರಿಸಿದವರು ಜರ್ಮನಿಯ ಗಾಟಿಂಗೆನ್‌ನಲ್ಲಿದ್ದ ಯೋಹಾನ್ ನಿಕುರಾಡ್ಸೆ. ಪೈಪಿನ ಒಳಮೈಗೆ ಒಂದೇ ಗಾತ್ರದ ಮರಳು ಅಂಟಿಸಿ ಮಾಡಿದ ಅವರ ಪ್ರಯೋಗಗಳು 1933ರಲ್ಲಿ ಪ್ರಕಟವಾದವು. ನೀರು ತೀರಾ ನಿಧಾನವಾಗಿದ್ದಾಗ ಮರಳು ಇದ್ದರೂ ಇಲ್ಲದಿದ್ದರೂ ಒಂದೇ; ವೇಗ ಏರಿದಂತೆ ಮರಳಿನ ಕಾಳಿನ ಗಾತ್ರವೇ ತಡೆಯನ್ನು ನಿರ್ಧರಿಸತೊಡಗುತ್ತದೆ. ಕೊನೆಗೆ ತಡೆಯು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಅಂದರೆ ವೇಗ ಇಮ್ಮಡಿಯಾದರೆ ತಡೆ ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಪಂಪು ಕೂರಿಸಿ ಒತ್ತಡವನ್ನು ಇಮ್ಮಡಿ ಮಾಡಿದರೂ ನೀರು ಹೆಚ್ಚುವುದು ಸುಮಾರು 1.4 ಪಟ್ಟು ಮಾತ್ರ. ಆ ಖರ್ಚು ಬೇಡವೆಂದೇ ಹೇಳುತ್ತೇನೆ.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. ಹೊಸ ಜಿಐ ಪೈಪಿನ ತರಿ (ಒಳಮೈಯ ಉಬ್ಬುಗಳ ಎತ್ತರ) ಸುಮಾರು 0.15 ಮಿ.ಮೀ. ಗಂಟುಗಳಿಂದ ಅದು 1 ಮಿ.ಮೀ.ಗೆ ಏರಿದ್ದರೆ ಅಷ್ಟರಿಂದಲೇ ನೀರು ಕಾಲು ಭಾಗದಷ್ಟು ತಗ್ಗುತ್ತದೆ. ಉಳಿದ ನಷ್ಟ ಒಳವ್ಯಾಸ ಕಿರಿದಾದುದರಿಂದ. ಸುತ್ತಲೂ 3 ಮಿ.ಮೀ. ತುಕ್ಕು ಕಟ್ಟಿ 50 ಮಿ.ಮೀ. ಪೈಪು 44ಕ್ಕೆ ಇಳಿದರೆ ಇನ್ನೂ ಕಾಲು ಭಾಗಕ್ಕಿಂತ ಹೆಚ್ಚು ಹೋಗುತ್ತದೆ. ಎರಡೂ ಸೇರಿದರೆ ನೀವು ಹೇಳಿದ ಅರ್ಧಕ್ಕೆ ಬಂದು ನಿಲ್ಲುತ್ತದೆ.

ಕೆರೆದು ಬಳಸುವ ಯೋಚನೆಯಿದ್ದರೆ ಬಿಟ್ಟುಬಿಡಿ. ನಮ್ಮ ಮುರಕಲ್ಲಿನ (ಲ್ಯಾಟರೈಟ್) ನೆಲದ ನೀರಿಗೆ ಸಾಮಾನ್ಯವಾಗಿ ಹುಳಿ ಗುಣ. ಸತುವಿನ ಲೇಪ ಹೋದ ಕಬ್ಬಿಣ ಮತ್ತೆ ಬೇಗ ಗಂಟು ಕಟ್ಟುತ್ತದೆ. ಪಿವಿಸಿ ಹಾಕಿ, ಬಿಸಿಲು ಬೀಳದಂತೆ ಮಣ್ಣಿನಡಿ ಹೂಳಿ. ಅದರ ತರಿ 0.0015 ಮಿ.ಮೀ.ಯಷ್ಟೇ, ಶಾಂತ ಪದರದೊಳಗೆ ಪೂರ್ತಿ ಮುಳುಗಿರುತ್ತದೆ. ಇನ್ನೂ ನುಣುಪಾದುದು ಎಂದು ಯಾರಾದರೂ ಹೆಚ್ಚು ಬೆಲೆ ಹೇಳಿದರೆ ಕೊಡಬೇಡಿ. ಸುರಂಗದಲ್ಲಿ ನೀರು ಧಾರಾಳವಿರುವುದರಿಂದ ಆ ಹಣಕ್ಕೆ ಎರಡೂವರೆ ಇಂಚಿನದನ್ನೇ ತನ್ನಿ. ಎರಡು ಇಂಚಿನ ಪಿವಿಸಿಗಿಂತ ಒಂದೂವರೆ ಪಟ್ಟಿಗೂ ಹೆಚ್ಚು ನೀರು ತರಬಲ್ಲದು. ಪೈಪು ದಿಬ್ಬ ಹತ್ತಿ ಇಳಿಯುವಲ್ಲಿ ಗಾಳಿ ಹೊರಹೋಗಲು ಒಂದು ವಾಲ್ವ್ ಇಡಲು ಮರೆಯಬೇಡಿ.