ಕಂಪನಿ ನಾಟಕದ ಕೂಸು, ಟೀವಿಯ ಬಾರ್ಬರಾ: ಫೆಲಿಸಿಟಿ ಕೆಂಡಲ್ ಬಗ್ಗೆ ಓದುಗರ ಪ್ರಶ್ನೆಗಳು

ಬ್ರಿಟನ್ನಿನ ರಂಗಭೂಮಿ ಮತ್ತು ಟೀವಿಯ ಹಾಸ್ಯನಟಿ ಫೆಲಿಸಿಟಿ ಕೆಂಡಲ್ ಕುರಿತು ಬಂದ ಪತ್ರಗಳಲ್ಲಿ ಆರನ್ನು ಆರಿಸಿ ಇಲ್ಲಿ ಉತ್ತರಿಸಿದ್ದೇವೆ.

‘ಷೇಕ್ಸ್‌ಪಿಯರ್ ವಾಲಾ’ ಚಿತ್ರದಲ್ಲಿ ಶಶಿ ಕಪೂರ್ ಜೊತೆ ನಟಿಸಿದ ಹುಡುಗಿಯೇ ಮುಂದೆ ಬಿಬಿಸಿ ಹಾಸ್ಯ ಧಾರಾವಾಹಿಯ ನಾಯಕಿಯಾದರಂತೆ. ಅವರು ಶಶಿ ಕಪೂರ್ ಅವರ ನಾದಿನಿಯೂ ಹೌದೇ? (ಧಾರವಾಡ)

ಎರಡೂ ನಿಜ. ಫೆಲಿಸಿಟಿ ಹುಟ್ಟಿದ್ದು 1946ರ ಸೆಪ್ಟೆಂಬರ್ 25ರಂದು, ಇಂಗ್ಲೆಂಡಿನ ಓಲ್ಟನ್‌ನಲ್ಲಿ. ಅಕ್ಕ ಜೆನಿಫರ್ ಫೆಲಿಸಿಟಿಗಿಂತ ಹದಿಮೂರು ವರ್ಷ ದೊಡ್ಡವರು; 1958ರಲ್ಲಿ ಶಶಿ ಕಪೂರ್ ಅವರನ್ನು ಮದುವೆಯಾದರು. ತಂದೆ ಜೆಫ್ರಿ, ತಾಯಿ ಲಾರಾ ಲಿಡೆಲ್ ಇಬ್ಬರೂ ಸೇರಿ ಕಟ್ಟಿದ್ದ ‘ಷೇಕ್ಸ್‌ಪಿಯರಾನಾ’ ತಂಡ, ನಮ್ಮ ಕಂಪನಿ ನಾಟಕದವರ ಹಾಗೆಯೇ ಪೆಟ್ಟಿಗೆ ಪರದೆ ಹೊತ್ತು ಭಾರತದ ಊರೂರು ತಿರುಗುತ್ತಿತ್ತು. ಜೆಫ್ರಿಯವರ ಹುಟ್ಟುಹೆಸರು ಬ್ರ್ಯಾಗ್. ತಮ್ಮೂರಾದ ಕೆಂಡಲ್‌ನ ಹೆಸರನ್ನೇ ರಂಗಕ್ಕಾಗಿ ಇಟ್ಟುಕೊಂಡವರು ಅವರು. ಬಂಗಾಳದ ಹೆಸರಾಂತ ನಟ ಉತ್ಪಲ್ ದತ್ ಕೂಡ ಈ ತಂಡದಲ್ಲಿ ಪಳಗಿದವರೇ.

ಫೆಲಿಸಿಟಿ ಮೊದಲು ರಂಗ ಕಂಡದ್ದು ಒಂಬತ್ತು ತಿಂಗಳ ಕೂಸಾಗಿದ್ದಾಗ. ‘ಎ ಮಿಡ್‌ಸಮರ್ ನೈಟ್ಸ್ ಡ್ರೀಮ್’ ನಾಟಕದಲ್ಲಿ ಟೈಟಾನಿಯಾ, ಓಬೆರಾನ್ ಜಗಳಕ್ಕೆ ಕಾರಣವಾಗುವ ಮಗು ಉಂಟಲ್ಲ, ಅದರ ಪಾತ್ರ. ಆಮೇಲಿನ ಬಾಲ್ಯದ ಹೆಚ್ಚು ಭಾಗ ಭಾರತದ ಕಾನ್ವೆಂಟ್ ಶಾಲೆಗಳಲ್ಲಿ ಮತ್ತು ತಂಡದ ಗಂಟುಮೂಟೆಗಳ ನಡುವೆ ಕಳೆಯಿತು. ಅಲೆಮಾರಿ ತಂಡದಲ್ಲಿ ಜನ ಕಡಿಮೆ, ಪಾತ್ರ ಹೆಚ್ಚು. ಒಬ್ಬರೇ ಎರಡು ಮೂರು ವೇಷ ಕಟ್ಟಬೇಕು. ಇವತ್ತು ಅರಮನೆಯ ದರ್ಬಾರು ಹಾಲ್, ನಾಳೆ ಶಾಲೆಯ ಊಟದ ಕೋಣೆ. ಪ್ರತಿ ಜಾಗದಲ್ಲೂ ದನಿಯನ್ನು ಹೊಸದಾಗಿ ಅಳೆದುಕೊಳ್ಳಬೇಕು. ಇವರ ಹಾಸ್ಯದ ಬೇರು ಇರುವುದು ಇಲ್ಲಿಯೇ ಎನ್ನುವುದು ನಮ್ಮ ಖಚಿತ ಅಭಿಪ್ರಾಯ.

1965ರ ‘ಷೇಕ್ಸ್‌ಪಿಯರ್ ವಾಲಾ’ ಚಿತ್ರವನ್ನು ನಿರ್ದೇಶಿಸಿದವರು ಜೇಮ್ಸ್ ಐವರಿ, ಚಿತ್ರಕಥೆ ರುತ್ ಪ್ರವರ್ ಜಾಬ್ವಾಲಾ ಅವರದು, ಸಂಗೀತ ಸತ್ಯಜಿತ್ ರಾಯ್ ಅವರದು. ಫೆಲಿಸಿಟಿ ಅಲೆಮಾರಿ ನಾಟಕ ತಂಡದ ಹುಡುಗಿ ಲಿಜ್ಜಿಯಾದರೆ, ಅವರ ತಂದೆತಾಯಿಯೇ ಲಿಜ್ಜಿಯ ತಂದೆತಾಯಿ. ಜೆನಿಫರ್‌ಗೂ ಒಂದು ಚಿಕ್ಕ ಪಾತ್ರವಿದೆ. ಹಾಗಾಗಿ ಇದು ಆ ಮನೆಯ ಕಥೆಯೇ ಎಂದು ಹಲವರು ನಂಬಿದ್ದಾರೆ. ತಂಡದ ಅಲೆದಾಟ ಅವರದೇ, ಪ್ರೇಮಕಥೆ ಮಾತ್ರ ಬೇರೆ. ಚಿತ್ರದ ಲಿಜ್ಜಿ ಪ್ರೇಮಿಯನ್ನು ಬಿಟ್ಟು ಇಂಗ್ಲೆಂಡಿಗೆ ಹಡಗು ಹತ್ತುತ್ತಾಳೆ. ನಿಜಜೀವನದ ಜೆನಿಫರ್ ಮದುವೆಯಾಗಿ ಇಲ್ಲಿಯೇ ನೆಲೆ ನಿಂತರು.

ಇಂಗ್ಲೆಂಡಿಗೆ ಹೋದ ಮೇಲೆ ಟೀವಿ ಅವಕಾಶ ಸಿಕ್ಕಿದ್ದು ಈ ಚಿತ್ರದಿಂದಲೇ? (ಮೈಸೂರು)

ಅಲ್ಲ, ನಾಟಕದಿಂದ. ಲಂಡನ್ ರಂಗಕ್ಕೆ ಅವರು ಕಾಲಿಟ್ಟದ್ದು 1967ರಲ್ಲಿ. ತಿರುವು ಬಂದದ್ದು 1974ರಲ್ಲಿ, ಅಲನ್ ಏಕ್‌ಬರ್ನ್ ಅವರ ‘ದಿ ನಾರ್ಮನ್ ಕಾಂಕ್ವೆಸ್ಟ್ಸ್’ ಮೂಲಕ. ಇದರ ಕಟ್ಟೋಣವೇ ವಿಶೇಷ. ಒಂದೇ ಮನೆ, ಒಂದೇ ವಾರಾಂತ್ಯ, ಆರೇ ಜನ, ಆದರೆ ನಾಟಕ ಮೂರು. ಒಂದು ಊಟದ ಕೋಣೆಯಲ್ಲಿ ನಡೆಯುತ್ತದೆ, ಇನ್ನೊಂದು ಪಡಸಾಲೆಯಲ್ಲಿ, ಮತ್ತೊಂದು ತೋಟದಲ್ಲಿ. ಒಂದು ನಾಟಕದಲ್ಲಿ ಬಾಗಿಲು ದಾಟಿ ಹೋದವರು ಇನ್ನೊಂದರಲ್ಲಿ ಒಳಗೆ ಬರುತ್ತಾರೆ. ಕೆಂಡಲ್ ಅವರದು ಆನಿಯ ಪಾತ್ರ: ಹಾಸಿಗೆ ಹಿಡಿದ ತಾಯಿಯ ಸೇವೆಯಲ್ಲಿ ಸವೆಯುತ್ತಿರುವ ಹುಡುಗಿ, ಭಾವ ನಾರ್ಮನ್ ಜೊತೆ ಎರಡು ದಿನ ಎಲ್ಲಿಗಾದರೂ ಹೋಗಿಬರುವ ಆಸೆಗೆ ಬಿದ್ದವಳು. ನಾರ್ಮನ್ ಆಗಿ ಟಾಮ್ ಕೋರ್ಟ್ನಿ, ಪೆದ್ದು ಪಶುವೈದ್ಯನಾಗಿ ಮೈಕಲ್ ಗ್ಯಾಂಬನ್, ಗದರಿಕೆಯ ಅತ್ತಿಗೆ ಸಾರಾ ಆಗಿ ಪೆನೆಲೊಪಿ ಕೀತ್.

ಆ ಕೀತ್ ಮತ್ತು ಈ ಕೆಂಡಲ್ ಇಬ್ಬರನ್ನೂ ಈ ನಾಟಕದಲ್ಲಿ ನೋಡಿಯೇ ಬಿಬಿಸಿಯ ‘ದಿ ಗುಡ್ ಲೈಫ್’ ಹಾಸ್ಯ ಧಾರಾವಾಹಿಗೆ ಆರಿಸಿಕೊಂಡದ್ದು. ಧಾರಾವಾಹಿಯ ಮೊದಲ ಕಂತಿನ ಹೊತ್ತಿಗೆ ಅವರಿಬ್ಬರಿಗೂ ಪರಸ್ಪರರ ಉಸಿರಿನ ಲೆಕ್ಕ ಗೊತ್ತಿತ್ತು.

‘ದಿ ಗುಡ್ ಲೈಫ್’ ನೋಡುವಾಗ ಕೇಳುವ ನಗು ಡಬ್ಬದಲ್ಲಿಟ್ಟ ನಗುವೇ? ಒಂದು ಕಂತನ್ನು ಹೇಗೆ ತಯಾರಿಸುತ್ತಿದ್ದರು? (ಶಿವಮೊಗ್ಗ)

ಮೊದಲು ಕಥೆ, ನೋಡದವರಿಗಾಗಿ. ಲಂಡನ್ ಹೊರವಲಯದ ಸರ್ಬಿಟನ್‌ನಲ್ಲಿ ಟಾಮ್ ಗುಡ್‌ಗೆ ನಲವತ್ತು ತುಂಬುತ್ತದೆ. ತಿಂಡಿ ಪೊಟ್ಟಣಗಳೊಳಗೆ ಹಾಕುವ ಪ್ಲಾಸ್ಟಿಕ್ ಗೊಂಬೆಗಳ ನಕ್ಷೆ ಬರೆಯುವ ಕೆಲಸ ಬಿಟ್ಟು, ಹೆಂಡತಿ ಬಾರ್ಬರಾ ಜೊತೆ ಹಿತ್ತಲು ಅಗೆದು ತರಕಾರಿ ಬೆಳೆಯುತ್ತಾನೆ, ಆಡು ಹಂದಿ ಕೋಳಿ ಸಾಕುತ್ತಾನೆ, ಗೊಬ್ಬರದ ಗ್ಯಾಸಿನಿಂದ ಕರೆಂಟು ತೆಗೆಯುತ್ತಾನೆ. ಪಕ್ಕದ ಮನೆಯಲ್ಲಿ ಠೀವಿಯ ಮಾರ್ಗೊ (ಕೀತ್) ಮತ್ತು ಅವಳ ಗಂಡ ಜೆರ್ರಿ (ಪಾಲ್ ಎಡಿಂಗ್ಟನ್). ಟಾಮ್ ಆಗಿ ರಿಚರ್ಡ್ ಬ್ರಯರ್ಸ್. ಬರೆದವರು ಜಾನ್ ಎಸ್ಮಂಡ್, ಬಾಬ್ ಲಾರ್ಬಿ. 1975ರ ಏಪ್ರಿಲ್‌ನಿಂದ 1978ರ ಜೂನ್ ತನಕ ಏಳೇಳು ಕಂತುಗಳ ನಾಲ್ಕು ಸರಣಿ, ಜೊತೆಗೆ ಎರಡು ವಿಶೇಷ ಕಂತು, ಒಟ್ಟು 30. ಕೊನೆಯ ವಿಶೇಷ ಕಂತಿನ ಚಿತ್ರೀಕರಣಕ್ಕೆ ರಾಣಿ ಎಲಿಜಬೆತ್ ಖುದ್ದಾಗಿ ಬಂದು ಕೂತಿದ್ದರು.

ನಗು ಜೀವಂತ ಪ್ರೇಕ್ಷಕರದು. ಆಗಿನ ಬಿಬಿಸಿ ಹಾಸ್ಯ ಧಾರಾವಾಹಿಗಳ ಪದ್ಧತಿ ಹೀಗಿತ್ತು. ತೋಟ, ರಸ್ತೆಯ ದೃಶ್ಯಗಳನ್ನು ಮುಂಚೆಯೇ ಫಿಲ್ಮ್ ಕ್ಯಾಮೆರಾದಲ್ಲಿ ತೆಗೆದಿಡುತ್ತಿದ್ದರು; ಈ ಧಾರಾವಾಹಿಯ ಹೊರಾಂಗಣ ಸರ್ಬಿಟನ್ ಅಲ್ಲ, ನಾರ್ತ್‌ವುಡ್‌ನ ಎರಡು ಅಕ್ಕಪಕ್ಕದ ಮನೆ. ಆಮೇಲೆ ವಾರಪೂರ್ತಿ ಖಾಲಿ ಹಾಲ್‌ನಲ್ಲಿ ತಾಲೀಮು. ಗೋಡೆ, ಬಾಗಿಲು, ಮೆಟ್ಟಿಲು ಎಲ್ಲಿ ಎಂದು ನೆಲಕ್ಕೆ ಬಣ್ಣದ ಟೇಪು ಅಂಟಿಸಿರುತ್ತಾರೆ, ಸೋಫಾ ಬದಲು ಕುರ್ಚಿ ಸಾಲು. ಕೊನೆಯ ದಿನ ಸ್ಟುಡಿಯೋದಲ್ಲಿ ಸೆಟ್ಟುಗಳು ಸಾಲಾಗಿ ನಿಂತಿರುತ್ತವೆ, ನಾಲ್ಕೈದು ಕ್ಯಾಮೆರಾ, ಎದುರಿಗೆ ಮೆಟ್ಟಿಲು ಆಸನಗಳಲ್ಲಿ ಮುನ್ನೂರರ ಆಸುಪಾಸು ಜನ. ಕಥೆ ತೋಟಕ್ಕೆ ಹೋದಾಗ ಮೊದಲೇ ತೆಗೆದ ತುಣುಕನ್ನು ಮೇಲಿನ ಪರದೆಗಳಲ್ಲಿ ತೋರಿಸಿ, ಅದಕ್ಕೆ ಬರುವ ನಗುವನ್ನೂ ಹಿಡಿಯುತ್ತಾರೆ. ಗಮನಿಸಿ ನೋಡಿದರೆ ಬಾಗಿಲು ದಾಟಿ ಹೊರಗೆ ಹೋದ ತಕ್ಷಣ ಚಿತ್ರದ ಬಣ್ಣ, ಕಣ ಬದಲಾಗುವುದು ಕಾಣುತ್ತದೆ: ಒಳಗೆ ವಿಡಿಯೋ, ಹೊರಗೆ ಫಿಲ್ಮ್.

ನಟರಿಗೆ ಕಷ್ಟ ಇರುವುದು ಇಲ್ಲಿ. ಮುನ್ನೂರು ಜನರಿಗೆ ಮುಟ್ಟುವಷ್ಟು ದೊಡ್ಡದಾಗಿ ಆಡಿದರೆ ಹತ್ತಿರದ ಕ್ಯಾಮೆರಾದಲ್ಲಿ ಮುಖ ಕಿರುಚಿದಂತೆ ಕಾಣುತ್ತದೆ. ಕ್ಯಾಮೆರಾಕ್ಕೆ ಸಾಕಾಗುವಷ್ಟೇ ಆಡಿದರೆ ಸಭೆ ತಣ್ಣಗಾಗುತ್ತದೆ, ನಗು ದಾಖಲಾಗುವುದಿಲ್ಲ. ಕೆಂಡಲ್ ಇದಕ್ಕೆ ಕಂಡುಕೊಂಡ ದಾರಿ ಕೇಳಿಸಿಕೊಳ್ಳುವುದು. ಟಾಮ್ ಏನೋ ಹುಚ್ಚು ಯೋಜನೆ ಹೇಳುತ್ತಿದ್ದರೆ ಬಾರ್ಬರಾಳ ಮುಖವನ್ನೇ ನೋಡಿ. ಮೊದಲು ಕಣ್ಣರಳುತ್ತದೆ, ಅರ್ಧ ಕ್ಷಣದ ನಂತರ ಖರ್ಚಿನ ಲೆಕ್ಕ ಹಣೆಗೆ ಬರುತ್ತದೆ, ಆಮೇಲೆ ಅದನ್ನು ಪಕ್ಕಕ್ಕಿಟ್ಟು ಗಂಡನ ಕಡೆ ವಾಲುತ್ತಾಳೆ. ಮಾತು ಇನ್ನೂ ಶುರುವೇ ಆಗಿಲ್ಲ, ಸಭೆ ನಗುತ್ತಿರುತ್ತದೆ. ಕೊಂಚ ಒರಟಾದ ಆ ದನಿಯನ್ನು ಎತ್ತರಿಸುವ ಅಗತ್ಯವೇ ಅವರಿಗೆ ಬೀಳುವುದಿಲ್ಲ.

ನಾಲ್ಕನೆಯ ಸರಣಿಯ ಕೊನೆಯಲ್ಲಿ ಯಾರೋ ನುಗ್ಗಿ ಗುಡ್ ದಂಪತಿಯ ಮನೆಯನ್ನು ಧ್ವಂಸ ಮಾಡುತ್ತಾರೆ. ಅಲ್ಲಿಯವರೆಗೆ ಗಂಡನಿಗೆ ಧೈರ್ಯ ತುಂಬುತ್ತಿದ್ದ ಬಾರ್ಬರಾ ಕುಸಿಯುತ್ತಾಳೆ. ಅಷ್ಟು ಕಾಲ ನಕ್ಕ ಮುಖವಾದ್ದರಿಂದಲೇ ಅದು ಎದೆಗೆ ತಾಗುತ್ತದೆ.

ಟಾಮ್ ಸ್ಟಾಪರ್ಡ್ ಇವರಿಗಾಗಿ ನಾಟಕ ಬರೆದರು ಎನ್ನುತ್ತಾರೆ. ಹಾಸ್ಯನಟಿಗೂ ಅಂಥ ಬುದ್ಧಿಪ್ರಧಾನ ನಾಟಕಕ್ಕೂ ಏನು ನಂಟು? (ಬೆಂಗಳೂರು)

ಟೀವಿಯ ಜನಪ್ರಿಯತೆಯ ಬೆನ್ನಿಗೇ, 1979ರಲ್ಲಿ, ನ್ಯಾಷನಲ್ ಥಿಯೇಟರಿನ ‘ಅಮಡೇಯಸ್’ನಲ್ಲಿ ಕೆಂಡಲ್ ಮೊಜಾರ್ಟನ ಹೆಂಡತಿ ಕಾನ್‌ಸ್ಟಾಂಜೆಯಾದರು. ಮೊಜಾರ್ಟನ ಎದುರಾಳಿ ಸಂಗೀತಗಾರ ಸಾಲಿಯೇರಿ ಆಗಿದ್ದವರು ಪಾಲ್ ಸ್ಕೋಫೀಲ್ಡ್. ಸ್ಟಾಪರ್ಡ್ ನಾಟಕಗಳ ಸಾಲು ಆಮೇಲೆ ಶುರುವಾಯಿತು: ‘ಆನ್ ದಿ ರ‍್ಯಾಜಲ್’ (1981, ಅದರಲ್ಲಿ ಹುಡುಗನ ವೇಷ), ‘ದಿ ರಿಯಲ್ ಥಿಂಗ್’ (1982), ‘ಜಂಪರ್ಸ್’ (1985), ‘ಹ್ಯಾಪ್‌ಗುಡ್’ (1988), ‘ಆರ್ಕೇಡಿಯಾ’ (1993), ‘ಇಂಡಿಯನ್ ಇಂಕ್’ (1995). ಸ್ಟಾಪರ್ಡ್ ವಾಕ್ಯಗಳು ಉದ್ದ, ನಗೆಯ ಕೊಂಡಿ ತುದಿಯಲ್ಲಿ. ನಡುವೆ ಉಸಿರು ಕಟ್ಟಿದರೆ ಅರ್ಥವೂ ಹೋಯಿತು, ನಗೆಯೂ ಹೋಯಿತು. ಷೇಕ್ಸ್‌ಪಿಯರನ ಸಾಲುಗಳನ್ನು ಬಾಲ್ಯದಿಂದ ಬಾಯಲ್ಲಿ ಆಡಿಸಿದವರಿಗೆ ಆ ಉಸಿರು ಕೂಡಿ ಬಂದಿರುತ್ತದೆ.

‘ಇಂಡಿಯನ್ ಇಂಕ್’ ಬಗ್ಗೆ ನಮ್ಮ ಓದುಗರಿಗೆ ಹೆಚ್ಚು ಹೇಳಲೇಬೇಕು. 1991ರಲ್ಲಿ ರೇಡಿಯೋ ನಾಟಕವಾಗಿ ಬಂದದ್ದು ಇದರ ಮೂಲ. 1930ರಲ್ಲಿ ಇಂಗ್ಲಿಷ್ ಕವಯಿತ್ರಿ ಫ್ಲೋರಾ ಕ್ರೂ (ಕೆಂಡಲ್) ಆರೋಗ್ಯಕ್ಕೆಂದು ಜುಮ್ಮಾಪುರ ಎಂಬ ಕಲ್ಪಿತ ಸಂಸ್ಥಾನಕ್ಕೆ ಬರುತ್ತಾಳೆ. ನಿರಾದ್ ದಾಸ್ ಎಂಬ ಕಲಾವಿದ ಅವಳ ಚಿತ್ರ ಬರೆಯುತ್ತಾನೆ, ಬರೆಯುತ್ತಲೇ ರಸ ಎಂದರೇನೆಂದು ವಿವರಿಸುತ್ತಾನೆ: ಶೃಂಗಾರಕ್ಕೆ ಶ್ಯಾಮವರ್ಣ, ಅಧಿದೇವತೆ ವಿಷ್ಣು. ನಾಟ್ಯಶಾಸ್ತ್ರದ ಭರತನ ಮಾತು ಲಂಡನ್ ರಂಗದ ಮೇಲೆ, ಭಾರತದಲ್ಲಿ ಬೆಳೆದ ನಟಿಯ ಎದುರಿಗೆ! ದಾಸ್ ಆಗಿದ್ದವರು ಆರ್ಟ್ ಮಲಿಕ್. ಅಚ್ಚಾದ ನಾಟಕವನ್ನು ಸ್ಟಾಪರ್ಡ್ ಅರ್ಪಿಸಿದ್ದು ಫೆಲಿಸಿಟಿಯ ತಾಯಿ ಲಾರಾ ಕೆಂಡಲ್ ಅವರ ನೆನಪಿಗೆ.

ಹಾಸ್ಯನಟಿಯ ಮೈಗೆ ದೊಡ್ಡ ಪರೀಕ್ಷೆ ಒಡ್ಡಿದ್ದು ಮಾತ್ರ ಬೆಕೆಟ್‌ನ ‘ಹ್ಯಾಪಿ ಡೇಸ್’, 2003ರಲ್ಲಿ ಪೀಟರ್ ಹಾಲ್ ನಿರ್ದೇಶನದಲ್ಲಿ. ಅವರು ಆಡಿದ ವಿನ್ನಿ ಮೊದಲ ಅಂಕದಲ್ಲಿ ಸೊಂಟದವರೆಗೆ ಮಣ್ಣಿನ ದಿಬ್ಬದಲ್ಲಿ ಹೂತಿರುತ್ತಾಳೆ. ಕೈಯಲ್ಲಿ ಚೀಲ, ಹಲ್ಲುಜ್ಜುವ ಬ್ರಷ್, ಕನ್ನಡಿ, ಕೊಡೆ. ಎರಡನೆಯ ಅಂಕದಲ್ಲಿ ಕತ್ತಿನವರೆಗೆ. ಉಳಿಯುವುದು ಕಣ್ಣು, ತುಟಿ, ದನಿ ಅಷ್ಟೇ.

ನಮ್ಮ ಹವ್ಯಾಸಿ ತಂಡ ಒಂದು ಇಂಗ್ಲಿಷ್ ಪ್ರಹಸನವನ್ನು ಕನ್ನಡಕ್ಕೆ ತಂದು ಆಡಿತು. ಮೊದಲ ಪ್ರದರ್ಶನಕ್ಕೆ ಸಭೆ ಉರುಳಾಡಿ ನಕ್ಕಿತು, ಎರಡನೆಯದಕ್ಕೆ ನಗುವೇ ಇಲ್ಲ. ಕೆಂಡಲ್ ಅಂಥವರು ಏನು ಮಾಡುತ್ತಾರೆ? (ಸಾಗರ)

ಎಪ್ಪತ್ತಾರರ ವಯಸ್ಸಿನಲ್ಲಿ, 2023ರಲ್ಲಿ, ಅವರು ಲಂಡನ್ನಿನಲ್ಲಿ ಆಡಿದ ‘ನಾಯ್ಸಸ್ ಆಫ್’ ನಿಮಗೆ ಒಳ್ಳೆಯ ಪಾಠ. ಮೈಕಲ್ ಫ್ರೇನ್ ಬರೆದ ಈ ಪ್ರಹಸನದಲ್ಲಿ ಮೊದಲ ಅಂಕ ಒಂದು ಕೆಟ್ಟ ನಾಟಕದ ಕೊನೆಯ ತಾಲೀಮು. ಎರಡನೆಯದರಲ್ಲಿ ಸೆಟ್ಟನ್ನೇ ತಿರುಗಿಸಿ ಅದೇ ನಾಟಕವನ್ನು ಹಿಂಬದಿಯಿಂದ ತೋರಿಸುತ್ತಾರೆ. ಮೂರನೆಯದರಲ್ಲಿ ಮತ್ತೆ ಮುಂಬದಿ, ಎಲ್ಲವೂ ಕುಸಿದು ಬೀಳುತ್ತದೆ. ಡಾಟಿ (ಕೆಂಡಲ್) ಮನೆಗೆಲಸದವಳ ವೇಷದಲ್ಲಿ ಮೀನಿನ ತಟ್ಟೆ ಹಿಡಿದು ಬಂದು ಫೋನೆತ್ತಬೇಕು. ಹೋಗುವಾಗ ತಟ್ಟೆ ಬಿಡಬೇಕೋ ಒಯ್ಯಬೇಕೋ, ರಿಸೀವರ್ ಇಡಬೇಕೋ, ಪತ್ರಿಕೆ ಯಾವ ಕೈಯಲ್ಲಿ, ಯಾವುದೂ ಅವಳಿಗೆ ನೆನಪಿಲ್ಲ. ಮರೆತಂತೆ ಆಡುವ ನಟಿಗೆ ಮಾತ್ರ ಮೂರರ ಲೆಕ್ಕವೂ ಕೂದಲೆಳೆ ತಪ್ಪುವಂತಿಲ್ಲ. ಒಂದು ತಟ್ಟೆ ತಪ್ಪು ಜಾಗದಲ್ಲಿ ಉಳಿದರೆ ಹತ್ತು ನಿಮಿಷದ ನಂತರದ ನಗೆ ಸಾಯುತ್ತದೆ.

ಆದ್ದರಿಂದ ಮೊದಲ ದಿನದ ತಾಲೀಮಿನಿಂದಲೇ ನಿಜವಾದ ಸಾಮಾನು ಬಳಸಿ. ಪ್ರತಿ ಸಾಮಾನು ಯಾವ ಮೇಜಿನ ಮೇಲೆ ಶುರುವಾಗಿ ಎಲ್ಲಿ ಮುಗಿಯುತ್ತದೆಂದು ಪಟ್ಟಿ ಬರೆದು ರಂಗದ ಹಿಂದೆ ತೂಗುಹಾಕಿ. ದೃಶ್ಯವನ್ನು ಮೊದಲು ಅರ್ಧ ವೇಗದಲ್ಲಿ ಎಣಿಸುತ್ತ ಮಾಡಿ, ಕೈಗೆ ಕೂತ ಮೇಲೆ ವೇಗ ಏರಿಸಿ. ಬಾಗಿಲು ಬಡಿದರೆ ಫ್ಲ್ಯಾಟ್ (ಗೋಡೆಯಂತೆ ನಿಲ್ಲಿಸಿದ ಚೌಕಟ್ಟು) ಅಲುಗಿ ಇಡೀ ಮನೆ ಸುಳ್ಳೆನಿಸುತ್ತದೆ, ಹಿಂದಿನಿಂದ ಆನಿಕೆ ಕೊಟ್ಟು ಮರಳುಚೀಲ ಹೇರಿ. ಎಣ್ಣೆಯ ಪದಾರ್ಥ ನೆಲಕ್ಕೆ ಬಿದ್ದರೆ ಮುಂದೆ ಓಡಿಬರುವವರು ಜಾರುತ್ತಾರೆ, ತಟ್ಟೆಯಲ್ಲಿ ಸ್ಪಂಜಿನ ಮೀನು ಸಾಕು.

ಎರಡನೆಯ ಪ್ರದರ್ಶನಕ್ಕೆ ನಗು ಬಾರದಿರುವುದು ಎಲ್ಲ ಕಡೆಯ ಕಾಯಿಲೆ. ಮೊದಲ ದಿನ ನಟರು ಪಾತ್ರದ ಕಷ್ಟದಲ್ಲಿ ಮುಳುಗಿರುತ್ತಾರೆ. ಎರಡನೆಯ ದಿನ ನಗು ಎಲ್ಲಿ ಬಿತ್ತೆಂದು ನೆನಪಿರುತ್ತದೆ, ಅಲ್ಲಿಗೆ ಬಂದಾಗ ಕಾಯುತ್ತಾರೆ. ಸಭೆಗೆ ಅದು ತಕ್ಷಣ ತಿಳಿಯುತ್ತದೆ. ನಗು ಬಂದಾಗ ಅದು ಏರುವಾಗ ಮಾತಾಡಬೇಡಿ, ಪೂರ್ತಿ ಆರುವವರೆಗೂ ಕಾಯಬೇಡಿ. ಇಳಿಯತೊಡಗಿದಾಗ ಮುಂದಿನ ಮಾತು ಎತ್ತಿಕೊಳ್ಳಿ. ಆ ಕಾಯುವ ಹೊತ್ತಿನಲ್ಲಿ ಮುಖ ಖಾಲಿ ಬಿಡದೆ ಪಾತ್ರದ ಯೋಚನೆ ನಡೆದೇ ಇರಲಿ. ಒಬ್ಬರು ನಗೆಮಾತು ಆಡುವಾಗ ಪಕ್ಕದವರು ಹೆಜ್ಜೆ ಕದಲಿಸಬಾರದು, ಕಣ್ಣು ಅತ್ತ ಹೋಗುತ್ತದೆ.

ಅನುವಾದದಲ್ಲೂ ಒಂದು ತೊಡಕಿದೆ. ಇಂಗ್ಲಿಷ್ ನಗೆಮಾತಿನ ಪಟಾಕಿ ಪದ ವಾಕ್ಯದ ತುದಿಯಲ್ಲಿರುತ್ತದೆ. ಕನ್ನಡದಲ್ಲಿ ತುದಿಗೆ ಕ್ರಿಯಾಪದ ಬಂದು ಕೂರುತ್ತದೆ. ‘ನಿನ್ನ ಗಂಡ ನಮ್ಮ ಬಚ್ಚಲಲ್ಲಿ ಬಚ್ಚಿಟ್ಟುಕೊಂಡಿದ್ದಾನೆ’ ಎಂದರೆ ಸುದ್ದಿ ನಡುವೆಯೇ ಸಿಡಿದುಹೋಯಿತು, ಬಾಲ ಉಳಿಯಿತು. ‘ಅವನು ಬಚ್ಚಿಟ್ಟುಕೊಂಡಿರೋದು ನಮ್ಮ ಬಚ್ಚಲಲ್ಲಿ. ನಿನ್ನ ಗಂಡ!’ ಎಂದು ತಿರುಗಿಸಿ, ನಗು ತಾನಾಗಿ ಬರುತ್ತದೆ. ನಿಮ್ಮ ಪಠ್ಯದ ಪ್ರತಿ ನಗೆಮಾತನ್ನೂ ಈ ಒರೆಗೆ ಹಚ್ಚಿ ನೋಡಿ.

ಕೆಂಡಲ್‌ಗೆ ‘ಡೇಮ್’ ಬಿರುದು ಬಂದಿದೆಯೇ? ಅವರ ಕೆಲಸದಲ್ಲಿ ಏನನ್ನು ಮೊದಲು ನೋಡಬೇಕು? (ಮಂಗಳೂರು)

ಇಲ್ಲ. ಅವರಿಗೆ ಸಿಕ್ಕಿದ್ದು ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಬ್ರಿಟಿಷ್ ಗೌರವವಾದ ಸಿಬಿಇ, 1995ರಲ್ಲಿ. ಡೇಮ್ ಆದವರು ಮಾರ್ಗೊ ಪಾತ್ರದ ಪೆನೆಲೊಪಿ ಕೀತ್, 2014ರಲ್ಲಿ. ರಂಗದ ಅಭಿನಯಕ್ಕೆ 1989ರಲ್ಲಿ ಈವ್ನಿಂಗ್ ಸ್ಟ್ಯಾಂಡರ್ಡ್ ಪತ್ರಿಕೆಯ ಅತ್ಯುತ್ತಮ ನಟಿ ಪ್ರಶಸ್ತಿ ಬಂದಿದೆ.

ನೋಡಲು ಶುರುಮಾಡುವುದಾದರೆ ‘ದಿ ಗುಡ್ ಲೈಫ್’ನ 1977ರ ಕ್ರಿಸ್ಮಸ್ ಕಂತು. ಅಂಗಡಿಯವರು ಕಳಿಸಿದ ಕ್ರಿಸ್ಮಸ್ ಮರ ಕುಳ್ಳಾಯಿತೆಂದು ಮಾರ್ಗೊ ವಾಪಸು ಕಳಿಸಿ, ಹಬ್ಬದ ಸಾಮಾನೇ ಇಲ್ಲದೆ ಗುಡ್ ದಂಪತಿಯ ಬಡ ಹಬ್ಬಕ್ಕೆ ಬಂದು ಕೂರುವ ಕಥೆ. ಅದರ ನಂತರ 1980ರಲ್ಲಿ ಬಿಬಿಸಿ ಮಾಡಿದ ‘ಟ್ವೆಲ್ಫ್ತ್ ನೈಟ್’, ಅದರಲ್ಲಿ ಅವರು ನಾಯಕಿ ವಯೊಲಾ. ಆಮೇಲೆ ‘ಷೇಕ್ಸ್‌ಪಿಯರ್ ವಾಲಾ’. ಇಂಗ್ಲಿಷ್ ಓದುವವರು ಅವರ ಆತ್ಮಕಥೆ ‘ವೈಟ್ ಕಾರ್ಗೊ’ (1998) ಹುಡುಕಿ. ಕೋಮಾಕ್ಕೆ ಜಾರಿದ್ದ ತಂದೆಯ ಹಾಸಿಗೆಯ ಪಕ್ಕ ಕೂತು ಭಾರತದ ದಿನಗಳನ್ನು ನೆನೆದುಕೊಳ್ಳುವ ಪುಸ್ತಕ ಅದು.