ಕಂಪನಿಯ ಖಾಲಿ ಜಾಗಕ್ಕೆ ತೆರಿಗೆ ಇಲ್ವಾ?

ಪ್ರಶ್ನೆ: ನಮ್ಮೂರ ಪಕ್ಕ ವಿದ್ಯುತ್ ಕಂಪನಿಯ ಎರಡು ಎಕರೆ ಜಾಗ ಇದೆ. ಸಬ್‌ಸ್ಟೇಷನ್ ಕಟ್ಟುತ್ತೇವೆ ಅಂತ ತೆಗೆದುಕೊಂಡರು. ಇವತ್ತಿಗೂ ಅಲ್ಲಿರೋದು ಜಾಲಿ ಗಿಡ, ನಾಲ್ಕು ಮುರಿದ ಸಿಮೆಂಟ್ ಕಂಬ. ನನ್ನ 30x40 ಖಾಲಿ ಸೈಟಿಗೆ ಪಂಚಾಯಿತಿಯವರು ತಪ್ಪದೆ ತೆರಿಗೆ ಕೇಳುತ್ತಾರೆ. ಅದಕ್ಕೇಕಿಲ್ಲ ಅಂದರೆ ‘ಅದು ಸರ್ಕಾರದ್ದು’ ಅನ್ನುತ್ತಾರೆ. ನಿಜವೇ?
– ಓದುಗರೊಬ್ಬರು, ತುಮಕೂರು ಜಿಲ್ಲೆ

ಉತ್ತರ: ಪಂಚಾಯಿತಿ ಕಾರ್ಯದರ್ಶಿಯಾಗಿದ್ದವನು ನಾನು. ‘ಸರ್ಕಾರದ್ದು’ ಅಂದುಬಿಟ್ಟರೆ ಕಡತ ತೆಗೆಯೋ ಕೆಲಸ ತಪ್ಪುತ್ತದೆ, ಅಷ್ಟೇ.

ಸಂವಿಧಾನದ 285ನೇ ವಿಧಿ ಕೇಂದ್ರ ಸರ್ಕಾರದ ಸ್ವಂತ ಆಸ್ತಿಗೆ ರಾಜ್ಯದ, ಸ್ಥಳೀಯ ಸಂಸ್ಥೆಗಳ ತೆರಿಗೆಯಿಂದ ರಕ್ಷಣೆ ಕೊಡುತ್ತದೆ. ಆ ರಕ್ಷಣೆ ಸರ್ಕಾರಕ್ಕೆ, ಸರ್ಕಾರಿ ಕಂಪನಿಗಲ್ಲ. ಹೈದರಾಬಾದಿನ ಇಸಿಐಎಲ್ ಅನ್ನೋ ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಕಂಪನಿ ತನಗೂ ಅದು ಸಿಗಬೇಕು ಅಂತ ವಾದಿಸಿತ್ತು. 1999ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಕಂಪನಿ ಬೇರೆ, ಅದರ ಷೇರುದಾರನಾದ ಸರ್ಕಾರ ಬೇರೆ ಎಂದಿತು. ರಾಜ್ಯದ ಕಂಪನಿಗಂತೂ ಈ ವಿಧಿಯ ಆಸರೆಯೇ ಇಲ್ಲ. ರಾಜ್ಯ ಸರ್ಕಾರ ಪ್ರತ್ಯೇಕವಾಗಿ ವಿನಾಯಿತಿ ಕೊಟ್ಟಿದ್ದರೆ ಆ ಮಾತು ಬೇರೆ. ಆಗ ಆದೇಶದ ನಂಬರು, ತಾರೀಖು ತೋರಿಸಲಿ. ಖಾಲಿ ಬಿದ್ದಿದೆ ಅನ್ನೋದೂ ನೆಪವಾಗೋದಿಲ್ಲ. ನಿಮ್ಮ ಸೈಟೂ ಖಾಲಿಯೇ ಅಲ್ವಾ!

ಆದರೆ ಒಂದು ತೊಡಕಿದೆ. 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಪಂಚಾಯಿತಿ ತೆರಿಗೆ ಹಾಕಬಹುದಾದದ್ದು ಕಟ್ಟಡಗಳಿಗೆ ಮತ್ತು ಕೃಷಿ ಕಂದಾಯಕ್ಕೆ ಒಳಪಡದ ಜಮೀನಿಗೆ. ಆದ್ದರಿಂದ ಮೊದಲು ಪಹಣಿ ತೆಗೆಸಿ. 9ನೇ ಕಾಲಂನಲ್ಲಿ ಯಾರ ಹೆಸರಿದೆ ನೋಡಿ. ಹಳೇ ವಿದ್ಯುತ್ ಮಂಡಳಿ ಕೆಇಬಿ ಹೋಗಿ 1999ರಲ್ಲಿ ಕೆಪಿಟಿಸಿಎಲ್ ಕಂಪನಿ ಬಂತು, 2002ರಲ್ಲಿ ವಿತರಣೆ ಬೆಸ್ಕಾಂನಂಥ ಎಸ್ಕಾಂಗಳ ಪಾಲಾಯಿತು. ಜಮೀನು ಕೈ ಬದಲಾಯಿಸಿದರೂ ಪಹಣಿಯಲ್ಲಿ ಹಳೇ ಹೆಸರೇ ಉಳಿದಿರೋದುಂಟು. ಮಾರಿದ ರೈತನ ಹೆಸರಿನಲ್ಲೇ, ಕೃಷಿ ಜಮೀನು ಅಂತಲೇ ಕೂತಿದ್ದರೆ ಪಂಚಾಯಿತಿಯ ಕೈ ಕಟ್ಟಿಹೋಗುತ್ತದೆ. ಆಗ ನೀವು ಹೋಗಬೇಕಾದ್ದು ತಾಲ್ಲೂಕು ಕಚೇರಿಗೆ.

ಪಂಚಾಯಿತಿ ಸುಮ್ನಿರೋದಕ್ಕೆ ಇನ್ನೊಂದು ಕಾರಣವೂ ಇರಬಹುದು. ಬೀದಿದೀಪದ್ದು, ಕುಡಿಯೋ ನೀರಿನ ಪಂಪಿನದ್ದು ಕರೆಂಟ್ ಬಿಲ್ ಬಾಕಿ ಇಲ್ಲದ ಪಂಚಾಯಿತಿ ಅಪರೂಪ. ನಾವು ನೋಟಿಸ್ ಕೊಟ್ಟರೆ ಅವರು ಫ್ಯೂಸ್ ಕೀಳುತ್ತಾರೆ ಅನ್ನೋ ಭಯ. ನನಗೂ ಇತ್ತು ಅನ್ನಿ. ಆದರೆ ತೆರಿಗೆಯ ಬೇಡಿಕೆಯೇ ಇಲ್ಲದಿದ್ದರೆ ಬಿಲ್ಲಿನ ಲೆಕ್ಕ ಕೂತು ಮಾತಾಡೋವಾಗ ಪಂಚಾಯಿತಿಗೆ ಹೇಳಿಕೊಳ್ಳೋಕೆ ಏನಿರುತ್ತದೆ?

ಪಂಚಾಯಿತಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ ಒಂದೇ ವಿಷಯದ ಮೇಲೆ, 150 ಪದದೊಳಗೆ ಇರಬೇಕು. ಹಾಗಾಗಿ ಊರಿನ ಕಥೆ ಬೇಡ. ‘ಈ ಸರ್ವೆ ನಂಬರು ತೆರಿಗೆಯ ಬೇಡಿಕೆ ರಿಜಿಸ್ಟರಿನಲ್ಲಿದೆಯೇ? ಇದ್ದರೆ ಬಾಕಿ ಎಷ್ಟು? ಇಲ್ಲದಿದ್ದರೆ ವಿನಾಯಿತಿ ಆದೇಶದ ಪ್ರತಿ ಕೊಡಿ’ – ಇಷ್ಟು ಸಾಕು. 30 ದಿನದಲ್ಲಿ ಉತ್ತರ ಬರಬೇಕು. ‘ರಿಜಿಸ್ಟರಿನಲ್ಲಿಲ್ಲ, ಆದೇಶವೂ ಇಲ್ಲ’ ಅಂತ ಬಂದರೆ ಆ ಕಾಗದವನ್ನು ಮುಂದಿನ ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿ, ನಡಾವಳಿಯಲ್ಲಿ ಬರೆಸಿ.